ಶನಿವಾರದ ರಾತ್ರಿಗೆ ಪಾಯಿಂಟ್, ಭಾನುವಾರದ ರಾತ್ರಿಗೆ ಹಣ

ಕೊಡಗಿನ ದೊಡ್ಡ ಹೋಟೆಲೊಂದರಲ್ಲಿ ಎರಡು ರಾತ್ರಿ ತಂಗಬೇಕೆಂದಿರುವವರು, ತಮ್ಮ ಸದಸ್ಯತ್ವದ ಖಾತೆಯಲ್ಲಿರುವ, ಬಾಡಿಗೆಯ ಹಣಕ್ಕೆ ಬದಲಾಗಿ ಕೊಡಬಹುದಾದ ಪಾಯಿಂಟ್‌ಗಳನ್ನು ಎರಡೂ ರಾತ್ರಿಗೆ ಚೂರುಚೂರಾಗಿ ಹಂಚುವ ಬದಲು, ಶನಿವಾರದ ರಾತ್ರಿಯನ್ನು ಪೂರ್ತಿ ಪಾಯಿಂಟ್‌ನಲ್ಲಿಯೂ ಭಾನುವಾರದ ರಾತ್ರಿಯನ್ನು ಪೂರ್ತಿ ಹಣದಲ್ಲಿಯೂ ಕಾಯ್ದಿರಿಸುವುದು ಲಾಭದಾಯಕ ಎಂಬುದು ನನ್ನ ಖಚಿತ ಅಭಿಪ್ರಾಯ. ಮಡಿಕೇರಿಯಲ್ಲಿ ವಾಸವಾಗಿದ್ದೇನೆ ಎಂಬ ಒಂದೇ ಕಾರಣಕ್ಕೆ ಬೆಂಗಳೂರಿನ ನೆಂಟರೂ ಹಳೆಯ ಸಹೋದ್ಯೋಗಿಗಳೂ ರಜೆಯ ಸಮಯದಲ್ಲಿ ನನಗೆ ಕರೆ ಮಾಡಿ ಇದೇ ವಿಷಯವನ್ನು ಕೇಳುತ್ತಿರುವುದರಿಂದ, ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ಜಿಲ್ಲೆಗೆ ರೈಲು ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ಬರುವವರೆಲ್ಲರೂ ರಸ್ತೆಯಲ್ಲಿಯೇ ಬರಬೇಕು, ಬರುವವರಲ್ಲಿ ಹೆಚ್ಚಿನವರು ವಾರದ ಕೊನೆಗೇ ಬರುತ್ತಾರೆ. ಶನಿವಾರ ಬೆಳಿಗ್ಗೆ ಕುಶಾಲನಗರದಿಂದ ಮೇಲಕ್ಕೆ ಹತ್ತುವ ಕಾರುಗಳ ಸಾಲು ಭಾನುವಾರ ಮಧ್ಯಾಹ್ನದ ಊಟವಾದ ಮೇಲೆ ಅದೇ ದಾರಿಯಲ್ಲಿ ಕೆಳಕ್ಕೆ ಇಳಿಯುತ್ತದೆ. ಹೋಟೆಲುಗಳ ಬಾಡಿಗೆಯೂ ಈ ಸಾಲನ್ನೇ ಹಿಂಬಾಲಿಸಿ ಶನಿವಾರ ಏರಿ ಭಾನುವಾರ ಸಂಜೆಯ ಹೊತ್ತಿಗೆ ಇಳಿದಿರುತ್ತದೆ. ಮಡಿಕೇರಿ ದಸರಾ, ತುಲಾ ಸಂಕ್ರಮಣದ ತೀರ್ಥೋದ್ಭವ, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ, ಸೋಮವಾರವೋ ಶುಕ್ರವಾರವೋ ಸರ್ಕಾರಿ ರಜೆ ಬಂದು ಉದ್ದವಾಗುವ ವಾರಾಂತ್ಯಗಳು, ಇವುಗಳಲ್ಲಂತೂ ಅದೇ ಕೋಣೆಗೆ ಸಾಮಾನ್ಯ ದಿನದ ಎರಡರಷ್ಟು ಬಾಡಿಗೆ ಕೇಳಿದರೂ ಆಶ್ಚರ್ಯವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ, ಅದರಲ್ಲಿಯೂ ವಾರದ ನಡುವೆ, ಅದೇ ಕೋಣೆ ಅಗ್ಗಕ್ಕೆ ಸಿಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಉದಾಹರಣೆಗಾಗಿ ನಾನೇ ಹಾಕಿಕೊಂಡ ಅಂಕಿಗಳಿವು, ಯಾವುದೇ ಹೋಟೆಲಿನ ದರಪಟ್ಟಿಯಲ್ಲ. ಭಾನುವಾರದ ಬಾಡಿಗೆ 12,000 ರೂಪಾಯಿ, ಶನಿವಾರದ್ದು 22,000 ರೂಪಾಯಿ ಎಂದುಕೊಳ್ಳಿ. ದಿನಕ್ಕೆ 7,500 ರೂಪಾಯಿ ಮೀರಿದ ಕೋಣೆಗೆ 18 ಶೇಕಡಾ ಜಿಎಸ್‌ಟಿ ಇರುವುದರಿಂದ ಕೈಯಿಂದ ಹೋಗುವ ಹಣ ಕ್ರಮವಾಗಿ 14,160 ಮತ್ತು 25,960 ರೂಪಾಯಿ ಆಗುತ್ತದೆ. ಪಾಯಿಂಟ್‌ನಲ್ಲಾದರೆ ಭಾನುವಾರಕ್ಕೆ 25,000, ಶನಿವಾರಕ್ಕೆ 35,000 ಕೇಳುತ್ತಾರೆ ಎಂದಿಟ್ಟುಕೊಳ್ಳಿ. ಪೂರ್ತಿ ಪಾಯಿಂಟ್‌ನಲ್ಲಿ ತೆಗೆದುಕೊಂಡ ರಾತ್ರಿಗೆ ಕೋಣೆಯ ಬಾಡಿಗೆಯೊಂದಿಗೆ ಅದರ ಮೇಲಿನ ತೆರಿಗೆಯೂ ಸಾಮಾನ್ಯವಾಗಿ ತಪ್ಪುತ್ತದೆ. ಈ ತೆರಿಗೆಯನ್ನು ಲೆಕ್ಕಕ್ಕೆ ಸೇರಿಸದಿರುವವರೇ ಹೆಚ್ಚು. ತೆರಿಗೆ ಸೇರಿದ ಹಣವನ್ನು ಪಾಯಿಂಟ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಭಾನುವಾರ ಒಂದು ಪಾಯಿಂಟ್‌ಗೆ ಸುಮಾರು 57 ಪೈಸೆ ಬೆಲೆ ಬಂತು, ಶನಿವಾರ 74 ಪೈಸೆ. ಕೇಳುವ ಪಾಯಿಂಟ್‌ಗಳ ಸಂಖ್ಯೆ ಶನಿವಾರ ಏರಿದೆ ನಿಜ, ಆದರೆ ಹಣದ ಬಾಡಿಗೆ ಏರಿದಷ್ಟು ಏರಿಲ್ಲ. ಈ ಅಂತರ ಇರುವವರೆಗೆ ನನ್ನ ಮಾತು ನಿಲ್ಲುತ್ತದೆ. ಎರಡೂ ಒಂದೇ ಪ್ರಮಾಣದಲ್ಲಿ ಏರಿದ್ದರೆ ಯಾವ ರಾತ್ರಿಗೆ ಏನು ಕೊಟ್ಟರೂ ಒಂದೇ. ಮ್ಯಾರಿಯಟ್ ಹೋಟೆಲುಗಳ ಸದಸ್ಯತ್ವ ಯೋಜನೆಯಾದ ಬಾನ್‌ವಾಯ್ 2022ರ ಮಾರ್ಚ್‌ನಲ್ಲಿ ತನ್ನ ಸ್ಥಿರ ಪಾಯಿಂಟ್ ಪಟ್ಟಿಯನ್ನು ಕೈಬಿಟ್ಟು, ದಿನಕ್ಕೊಂದು ಪಾಯಿಂಟ್ ದರ ಕೇಳುವ ಕ್ರಮಕ್ಕೆ ಬಂದಿರುವುದರಿಂದ, ಈ ಭಾಗಾಕಾರವನ್ನು ಪ್ರತಿ ಸಲವೂ ಮಾಡಿಯೇ ನೋಡಬೇಕು. ಕಳೆದ ವರ್ಷ ನೆಂಟರೊಬ್ಬರು ಎಷ್ಟು ಪಾಯಿಂಟ್ ಕೊಟ್ಟರು ಎಂಬುದು ಈ ವರ್ಷ ಉಪಯೋಗಕ್ಕೆ ಬಾರದು.

ಆ್ಯಪ್‌ಗಳಲ್ಲಿ ಪಾಯಿಂಟ್ ಮತ್ತು ಹಣವನ್ನು ಒಂದೇ ರಾತ್ರಿಗೆ ಬೆರೆಸಿ ಕೊಡುವ ಆಯ್ಕೆಯೂ ಇರುತ್ತದೆ. ಹಿಲ್ಟನ್‌ನವರ ಆ್ಯಪ್‌ನಲ್ಲಿ ಬೆರಳಿನಿಂದ ಅತ್ತಿತ್ತ ಎಳೆಯುವ ಗುಂಡಿಯೇ ಇದೆ. ಎಡಕ್ಕೆ ಎಳೆದರೆ ಒಂದು ಹೆಚ್ಚುತ್ತದೆ, ಬಲಕ್ಕೆ ಎಳೆದರೆ ಇನ್ನೊಂದು. ನೋಡಲು ಚೆಂದ. ಆದರೆ ಮೇಲಿನ ಶನಿವಾರಕ್ಕೇ 18,000 ಪಾಯಿಂಟ್ ಮತ್ತು ತೆರಿಗೆ ಸೇರಿ 16,000 ರೂಪಾಯಿ ಕೇಳಿದರು ಎಂದುಕೊಳ್ಳಿ, ಉಳಿತಾಯ 9,960 ರೂಪಾಯಿ, ಅಂದರೆ ಪಾಯಿಂಟ್‌ಗೆ 55 ಪೈಸೆ. ಪೂರ್ತಿ ಪಾಯಿಂಟ್ ಕೊಟ್ಟಾಗ ಬಂದ 74 ಪೈಸೆಗಿಂತ ಇದು ಬಹಳ ಕಡಿಮೆ. ನಾನು ನೋಡಿದ ಬೆರಕೆ ದರಗಳಲ್ಲಿ ಹೆಚ್ಚಿನವು ಹೀಗೆಯೇ ಇದ್ದವು. ಖಾತೆಯಲ್ಲಿ ಸ್ವಲ್ಪವೇ ಪಾಯಿಂಟ್ ಉಳಿದು, ಅವು ಮುಂದೆಂದೂ ಒಂದು ಪೂರ್ತಿ ರಾತ್ರಿಗೆ ಸಾಲುವುದಿಲ್ಲ ಎನ್ನುವವರಿಗೆ ಮಾತ್ರ ಅದು ಸರಿ.

ತಾಜ್ ಹೋಟೆಲುಗಳ ಕ್ರಮ ಬೇರೆ, ಮತ್ತು ನನಗೆ ಹೆಚ್ಚು ನೇರವಾಗಿ ಕಾಣುತ್ತದೆ. ಅಲ್ಲಿ ಪಾಯಿಂಟ್‌ನ ಜಾಗದಲ್ಲಿರುವ, ಟಾಟಾ ಸಮೂಹದ ನ್ಯೂಕಾಯಿನ್ ಒಂದಕ್ಕೆ ಒಂದು ರೂಪಾಯಿ ಬೆಲೆ. ಶನಿವಾರವಾದರೂ ಒಂದು ರೂಪಾಯಿ, ಮಂಗಳವಾರವಾದರೂ ಒಂದು ರೂಪಾಯಿ. ಹಾಗಾಗಿ ಅಲ್ಲಿ ಹಣವನ್ನೂ ಕಾಯಿನ್‌ಗಳನ್ನೂ ಬೆರೆಸುವುದರಿಂದ ನಷ್ಟವಿಲ್ಲ, ರಾತ್ರಿಗಳನ್ನು ಬೇರ್ಪಡಿಸುವ ಚತುರತೆಯಿಂದ ಲಾಭವೂ ಇಲ್ಲ. ಮಡಿಕೇರಿಯಲ್ಲಿ ತಾಜ್ ಮತ್ತು ಮ್ಯಾರಿಯಟ್ ಎರಡರ ರೆಸಾರ್ಟ್‌ಗಳೂ ಇರುವುದರಿಂದ, ಎರಡು ಖಾತೆಯೂ ಇರುವವರು ಈ ವ್ಯತ್ಯಾಸವನ್ನು ಗಮನಿಸಿ ಆರಿಸಿಕೊಳ್ಳಬಹುದು.

ಲೆಕ್ಕ ಸರಿಯಾದ ಮೇಲೂ ತೊಂದರೆ ಬರುವುದು ಸ್ವಾಗತದ ಮೇಜಿನಲ್ಲಿ. ಒಂದು ರಾತ್ರಿ ಪಾಯಿಂಟ್, ಒಂದು ರಾತ್ರಿ ಹಣ ಎಂದರೆ ಹೋಟೆಲಿನ ಕಂಪ್ಯೂಟರಿಗೆ ಅವು ಎರಡು ಬುಕಿಂಗ್, ಎರಡು ಸಂಖ್ಯೆ, ಎರಡು ಬಿಲ್ಲು. ನಮ್ಮ ಅಕ್ಕ ಮತ್ತು ಭಾವ ಹೀಗೆ ಕಾಯ್ದಿರಿಸಿ ಬಂದು, ಭಾನುವಾರ ಬೆಳಿಗ್ಗೆ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ತಲಕಾವೇರಿಗೆ ಹೋಗಿ, ಭಾಗಮಂಡಲದಲ್ಲಿ ಊಟ ಮುಗಿಸಿ ಸಂಜೆ ಹಿಂದಿರುಗಿದಾಗ ಕೋಣೆಯ ಬಾಗಿಲು ತೆರೆಯಲಿಲ್ಲ. ಕೀಲಿಯ ಕಾರ್ಡ್ ಮೊದಲನೆಯ ಬುಕಿಂಗ್‌ನ ಚೆಕ್‌ಔಟ್ ಸಮಯಕ್ಕೆ ತಾನಾಗಿ ನಿಂತುಹೋಗಿತ್ತು. ಬಾಗಿಲ ಮೇಲಿನ ಚಿಕ್ಕ ದೀಪ ಮತ್ತೆ ಮತ್ತೆ ಕೆಂಪಗಾಗುತ್ತಿತ್ತು, ಒದ್ದೆ ಕೊಡೆ ಹಿಡಿದು ಅಕ್ಕ ಅಲ್ಲಿಯೇ ನಿಂತಿದ್ದಳು, ಭಾವ ಮತ್ತು ನಾನು ಕೆಳಗಿಳಿದು ಹೋದೆವು. ಮೇಜಿನಲ್ಲಿದ್ದ ಹುಡುಗ ವಿನಯವಾಗಿಯೇ, "ಸರ್, ನಿಮ್ಮ ಹೆಸರಿನಲ್ಲಿ ಎರಡು ಬುಕಿಂಗ್ ಇದೆ, ಒಂದನ್ನು ಮುಗಿಸಿ ಇನ್ನೊಂದನ್ನು ಶುರು ಮಾಡಬೇಕು, ಆಧಾರ್ ಇನ್ನೊಮ್ಮೆ ಕೊಡಿ" ಎಂದ. ಭಾವ ಸಾಮಾನ್ಯವಾಗಿ ಸಿಟ್ಟಾಗುವವರಲ್ಲ, ಅಂದು, "ನಾನು ಹೋಗಿಯೇ ಇಲ್ಲವಲ್ಲಪ್ಪಾ, ಮತ್ತೆ ಬಂದದ್ದು ಹೇಗೆ?" ಎಂದು ಕೇಳಿದರು. ಹುಡುಗನ ಬಳಿ ಉತ್ತರವಿರಲಿಲ್ಲ, ತಪ್ಪೂ ಅವನದಾಗಿರಲಿಲ್ಲ. ಎರಡು ಬುಕಿಂಗ್‌ಗಳನ್ನು ಮೊದಲೇ ಜೋಡಿಸಿ ಇಡುವುದು ಹಿಂದಿನ ದಿನವೇ ಆಗಬೇಕಾಗಿದ್ದ ಕೆಲಸ. ಅತಿಥಿಯ ಸೌಕರ್ಯಕ್ಕಾಗಿ ಇಷ್ಟೆಲ್ಲ ಹಣ ಪಡೆಯುವ ಹೋಟೆಲುಗಳು ಇದನ್ನು ಅತಿಥಿ ಕೇಳಿದರೆ ಮಾತ್ರ ಮಾಡುವುದು ನನಗೆ ಸರಿಯೆನಿಸುವುದಿಲ್ಲ. ಆದರೂ ಇರುವ ಸ್ಥಿತಿ ಅದೇ ಆದ್ದರಿಂದ, ಬರುವ ಒಂದೆರಡು ದಿನ ಮೊದಲು ಹೋಟೆಲಿಗೇ ನೇರವಾಗಿ ಫೋನ್ ಮಾಡಿ ಎರಡೂ ಬುಕಿಂಗ್ ಸಂಖ್ಯೆ ಹೇಳಿ, ಒಂದೇ ಕೋಣೆ ಇರಲಿ, ಕೀಲಿ ಕೊನೆಯ ದಿನದವರೆಗೆ ನಡೆಯಲಿ ಎಂದು ತಿಳಿಸಿ, ಅದನ್ನೇ ಇ-ಮೇಲ್‌ನಲ್ಲಿಯೂ ಬರೆಯಿರಿ.

ಒಂದೇ ಕೋಣೆ ಇರಬೇಕಾದರೆ ಎರಡೂ ಬುಕಿಂಗ್ ಒಂದೇ ದರ್ಜೆಯ ಕೋಣೆಗೆ ಆಗಿರಬೇಕು. ಪಾಯಿಂಟ್‌ನಲ್ಲಿ ಸಾಮಾನ್ಯವಾಗಿ ಸಿಗುವುದು ಆರಂಭದ ದರ್ಜೆ. ಹಣದ ರಾತ್ರಿಗೆ ಕಣಿವೆ ಕಾಣುವ ಕೋಣೆ ಬೇಕೆಂದು ಆಸೆಪಟ್ಟರೆ ಭಾನುವಾರ ಪೆಟ್ಟಿಗೆ ಕಟ್ಟಿ ಮತ್ತೆ ಬಿಚ್ಚುವುದು ಖಂಡಿತ. ತಿಂಡಿಯ ವಿಷಯವೂ ಹೀಗೆಯೇ. ಹಣದ ದರದಲ್ಲಿ ತಿಂಡಿ ಸೇರಿರಬಹುದು, ಪಾಯಿಂಟ್‌ನ ರಾತ್ರಿಯಲ್ಲಿ ಸೇರಿರದೆ ಇರಬಹುದು. ತಿಂಡಿಯ ಹಾಲ್‌ನ ಬಾಗಿಲಲ್ಲಿ ಕೋಣೆಯ ಸಂಖ್ಯೆಗಳ ಪಟ್ಟಿ ಹಿಡಿದು ನಿಂತಿರುವವರ ಬಳಿ ನಿಮ್ಮ ಸಂಖ್ಯೆಯ ಮುಂದೆ ಗುರುತಿಲ್ಲದಿದ್ದರೆ, ನಾಲ್ಕು ಜನರ ತಿಂಡಿಯ ಬಿಲ್ಲು ಪಾಯಿಂಟ್‌ನಿಂದ ಉಳಿಸಿದ ಹಣದಲ್ಲಿ ಒಳ್ಳೆಯ ಪಾಲನ್ನೇ ನುಂಗುತ್ತದೆ. ಬೆಟ್ಟದ ಮೇಲಿನ ರೆಸಾರ್ಟ್‌ನಿಂದ ಪ್ರತಿ ಹೊತ್ತಿಗೂ ಮಡಿಕೇರಿ ಪೇಟೆಗೆ ಇಳಿಯುತ್ತೇವೆ ಎಂದು ಹೊರಡುವ ಮೊದಲು ಹೇಳುವವರು, ಮಂಜು ಕವಿದ ಆ ತಿರುವುಗಳಲ್ಲಿ ಒಂದು ರಾತ್ರಿ ಇಳಿದು ಹತ್ತಿದ ಮೇಲೆ ಹಾಗೆ ಹೇಳುವುದಿಲ್ಲ. ಪಾಯಿಂಟ್‌ನ ಬುಕಿಂಗ್ ಇಬ್ಬರಿಗೆ ಆಗಿದ್ದು, ಜೊತೆಗೆ ಅಜ್ಜಿಯೋ ದೊಡ್ಡ ಮಗನೋ ಬಂದರೆ, ಮೂರನೆಯವರಿಗೆ ಹೆಚ್ಚುವರಿ ಹಣ ಕೇಳುತ್ತಾರೆ ಎಂಬುದೂ ನೆನಪಿರಲಿ.

ಇನ್ನೊಂದು ಅಡ್ಡಿ ರಜೆಯ ದಿನಗಳದು. ಉದ್ದ ವಾರಾಂತ್ಯಗಳಲ್ಲಿ ಕೆಲವು ಹೋಟೆಲುಗಳು ಕನಿಷ್ಠ ಎರಡು ರಾತ್ರಿ ಇರಲೇಬೇಕೆಂಬ ನಿಯಮ ಹಾಕುತ್ತವೆ. ಆಗ ಶನಿವಾರ ಒಂದನ್ನೇ ಪಾಯಿಂಟ್‌ನಲ್ಲಿ ಹುಡುಕಿದರೆ ಕೋಣೆ ಇಲ್ಲ ಎಂದು ತೋರಿಸುತ್ತದೆ, ಎರಡೂ ರಾತ್ರಿಗೆ ಹುಡುಕಿದರೆ ಇದೆ ಎನ್ನುತ್ತದೆ. ನನ್ನ ಉಪಾಯ ಅತಿ ಹೆಚ್ಚು ಉಪಯೋಗಕ್ಕೆ ಬರಬೇಕಾದ ದಿನಗಳಲ್ಲಿಯೇ ಅದು ಕೈಕೊಡುತ್ತದೆ ಎಂದು ಒಪ್ಪಿಕೊಳ್ಳಲೇಬೇಕು. ಹೇಗೂ ಎರಡು ರಾತ್ರಿ ಇರುವವರೇ ಆಗಿದ್ದರೆ, ಹೋಟೆಲಿಗೆ ಫೋನ್ ಮಾಡಿ ವಿಷಯ ತಿಳಿಸಿದಾಗ ಕೆಲವೊಮ್ಮೆ ದಾರಿ ಮಾಡಿಕೊಡುತ್ತಾರೆ, ಕೆಲವೊಮ್ಮೆ ಇಲ್ಲ.

ಹಣದ ರಾತ್ರಿಯನ್ನು ಹೋಟೆಲಿನ ಸ್ವಂತ ಜಾಲತಾಣದಲ್ಲಿಯೋ ಆ್ಯಪ್‌ನಲ್ಲಿಯೋ ಕಾಯ್ದಿರಿಸಬೇಕು. ಬೇರೆ ಬುಕಿಂಗ್ ಕಂಪನಿಯ ಮೂಲಕ ಐನೂರು ರೂಪಾಯಿ ಕಡಿಮೆಗೆ ಸಿಕ್ಕಿತೆಂದು ತೆಗೆದುಕೊಂಡರೆ, ದೊಡ್ಡ ಸರಪಳಿ ಹೋಟೆಲುಗಳಲ್ಲಿ ಆ ರಾತ್ರಿಗೆ ಸಾಮಾನ್ಯವಾಗಿ ಪಾಯಿಂಟ್ ಬರುವುದಿಲ್ಲ, ಸದಸ್ಯರ ಸೌಲಭ್ಯಗಳೂ ಸಿಗುವುದಿಲ್ಲ. ನೇರವಾಗಿ ಕಾಯ್ದಿರಿಸಿದರೆ ಬಾನ್‌ವಾಯ್‌ನ ಹೆಚ್ಚಿನ ಹೋಟೆಲುಗಳಲ್ಲಿ ಖರ್ಚು ಮಾಡಿದ ಒಂದು ಡಾಲರಿನಷ್ಟು ಹಣಕ್ಕೆ 10 ಪಾಯಿಂಟ್ ಬರುತ್ತದೆ. ಪಾಯಿಂಟ್ ಕೊಟ್ಟು ತಂಗಿದ ರಾತ್ರಿಯ ಬಾಡಿಗೆಗೆ ಏನೂ ಬರದಿದ್ದರೂ, ಸದಸ್ಯತ್ವದ ಮೇಲಿನ ದರ್ಜೆಗೆ ಎಣಿಸುವ ರಾತ್ರಿಗಳ ಪಟ್ಟಿಗೆ ಅದೂ ಸೇರುತ್ತದೆ, ಕೋಣೆಯ ಲೆಕ್ಕಕ್ಕೆ ಬರೆಸಿದ ಊಟದ ಬಿಲ್ಲಿಗೂ ಪಾಯಿಂಟ್ ಬರುತ್ತದೆ.

ಮಳೆಗಾಲದ ಬಗ್ಗೆ ಮಾತ್ರ ನನ್ನ ಸಲಹೆಯನ್ನು ತಿರುಗಿಸಿ ಹೇಳುತ್ತೇನೆ, ಆಗ ಬಾಡಿಗೆ ಅಗ್ಗವಿದ್ದರೂ ಪಾಯಿಂಟ್‌ನಲ್ಲಿಯೇ ಕಾಯ್ದಿರಿಸಿ. ಜುಲೈ ಮತ್ತು ಆಗಸ್ಟ್‌ನಲ್ಲಿ ಬಾಡಿಗೆ ಕಡಿಮೆ, ಆದ್ದರಿಂದ ಪಾಯಿಂಟ್‌ಗೆ ಬೆಲೆ ಕಡಿಮೆ, ಹಣವನ್ನೇ ಕೊಡುವುದು ಲೇಸು ಎಂದು ಲೆಕ್ಕ ಹೇಳುತ್ತದೆ. ಆದರೆ ಅಗ್ಗದ ದರಗಳಲ್ಲಿ ಹಲವು, ರದ್ದು ಮಾಡಿದರೆ ಹಣ ಹಿಂದಿರುಗದ ದರಗಳಾಗಿರುತ್ತವೆ. ಪಾಯಿಂಟ್‌ನ ಬುಕಿಂಗ್ ಅನ್ನು ಹೋಟೆಲು ಹೇಳಿದ ಗಡುವಿನೊಳಗೆ ರದ್ದು ಮಾಡಿದರೆ ಪಾಯಿಂಟ್‌ಗಳು ಖಾತೆಗೆ ಮರಳುತ್ತವೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳೇ ಇಲ್ಲವಾದದ್ದನ್ನು ಕಂಡ ನಮಗೆ, ಮಳೆಗಾಲದಲ್ಲಿ ಎರಡು ವಾರ ಮೊದಲೇ ರದ್ದು ಮಾಡಲಾಗದ ದರಕ್ಕೆ ಹಣ ಕಟ್ಟುವವರನ್ನು ನೋಡಿದರೆ ಭಯವಾಗುತ್ತದೆ. ನಾಲ್ಕೈದು ಸಾವಿರ ರೂಪಾಯಿಯ ಲೆಕ್ಕಕ್ಕಿಂತ, ಘಾಟಿಯಲ್ಲಿ ಮಣ್ಣು ಜಾರಿದ ಸುದ್ದಿ ಬಂದ ದಿನ ಹಿಂದೆಮುಂದೆ ನೋಡದೆ ಪ್ರಯಾಣವನ್ನು ಕೈಬಿಡುವ ಸ್ವಾತಂತ್ರ್ಯ ದೊಡ್ಡದು.

ಹೋಂಸ್ಟೇಗಳ ಮಾತು ಬೇರೆಯೇ. ಕೊಡಗಿಗೆ ಬರುವವರಲ್ಲಿ ಅನೇಕರು ಇಳಿದುಕೊಳ್ಳುವುದು ಕಾಫಿ ತೋಟದ ಮನೆಗಳಲ್ಲಿ, ಅಲ್ಲಿ ಪಾಯಿಂಟ್ ಇಲ್ಲ, ಆ್ಯಪ್ ಇಲ್ಲ. ಹೋದ ಸಲವೂ ಬಂದಿದ್ದೆವು ಎಂದು ಮನೆಯ ಯಜಮಾನರಿಗೆ ಫೋನಿನಲ್ಲಿ ನೆನಪಿಸಿದರೆ ಅವರೇ ಎರಡನೆಯ ರಾತ್ರಿಗೆ ಸ್ವಲ್ಪ ಇಳಿಸುತ್ತಾರೆ. ಶನಿವಾರ ಪಾಯಿಂಟ್‌ನಲ್ಲಿ ರೆಸಾರ್ಟ್, ಭಾನುವಾರ ಹಣ ಕೊಟ್ಟು ಹೋಂಸ್ಟೇ ಎಂದು ವಿಂಗಡಿಸುವವರೂ ಇದ್ದಾರೆ. ಪೆಟ್ಟಿಗೆ ಹೊರುವ ಬೇಸರವಿಲ್ಲದವರಿಗೆ ಅದು ಒಳ್ಳೆಯ ಏರ್ಪಾಡು.

ಮದುವೆಗೋ ನಮ್ಮ ಸುಗ್ಗಿಯ ಹಬ್ಬವಾದ ಪುತ್ತರಿಗೋ ವಿದೇಶದಿಂದ ಬಂದು ಐದು ರಾತ್ರಿ ಹೋಟೆಲಿನಲ್ಲಿಯೇ ಇರುವ ನೆಂಟರಿಗೆ ಮಾತ್ರ ಹಣ ಬೆರೆಸಬೇಡಿ ಎನ್ನುತ್ತೇನೆ. ಬಾನ್‌ವಾಯ್‌ನಲ್ಲಿ ಒಂದೇ ಹೋಟೆಲಿನ ಐದು ರಾತ್ರಿಗಳನ್ನು ಒಂದೇ ಬುಕಿಂಗ್‌ನಲ್ಲಿ ಪೂರ್ತಿ ಪಾಯಿಂಟ್‌ನಿಂದ ತೆಗೆದುಕೊಂಡರೆ, ಅವುಗಳಲ್ಲಿ ಅತಿ ಕಡಿಮೆ ಪಾಯಿಂಟ್‌ನ ರಾತ್ರಿಯನ್ನು ಅವರೇ ಬಿಟ್ಟುಕೊಡುತ್ತಾರೆ. ನಡುವೆ ಒಂದು ರಾತ್ರಿಗೆ ಹಣ ಕೊಟ್ಟರೂ ಈ ರಿಯಾಯಿತಿ ಹೋಯಿತು. ಅಂಥವರು ಟಿಕೆಟ್ ತೆಗೆಯುವ ಮೊದಲೇ ಖಾತೆ ತೆರೆದು ನೋಡಿಕೊಳ್ಳುವುದು ಒಳ್ಳೆಯದು, ಏಕೆಂದರೆ 24 ತಿಂಗಳ ಕಾಲ ಗಳಿಕೆಯಾಗಲಿ ಬಳಕೆಯಾಗಲಿ ಏನೂ ನಡೆಯದ ಖಾತೆಯಲ್ಲಿರುವ ಪಾಯಿಂಟ್‌ಗಳು ರದ್ದಾಗುತ್ತವೆ.