ಬೋರರ್ ಹೆಸರಿಗೆ ಪಹಣಿ ಮಾಡಿಕೊಡಿ

ಕಾಫಿ ಗಿಡದ ಕಾಂಡ ಕೊರೆಯುವ ದುಂಬಿ ಬಿಳಿ ಕಾಂಡಕೊರಕ, ನಮ್ಮ ಬಾಯಲ್ಲಿ ಬೋರರ್, ವರ್ಷಕ್ಕೆ ಎರಡು ಸಲ ಹಾರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ. ಅದಕ್ಕೆ ಮುಷ್ಕರ ಇಲ್ಲ, ವರ್ಗಾವಣೆ ಇಲ್ಲ, ಚುನಾವಣೆ ಡ್ಯೂಟಿ ಇಲ್ಲ. ಅದನ್ನು ಹಿಡಿಯಲು ಹೊರಟವರಿಗೆ ಎಲ್ಲವೂ ಇದೆ.

ಹಾಗಾಗಿ ಸೋಮವಾರಪೇಟೆ ಕಡೆಯ ನಮ್ಮ ಅರೇಬಿಕಾ ತೋಟಗಳಿಗೆ ಟ್ರ್ಯಾಪ್ ಬಂದದ್ದು ಜನವರಿಯಲ್ಲಿ. ಗಂಡು ದುಂಬಿಯ ವಾಸನೆ ಹಿಡಿದು ಹೆಣ್ಣು ಬಂದು ಅದರಲ್ಲಿ ಬೀಳಬೇಕು. ಹೆಣ್ಣು ಅಷ್ಟರಲ್ಲಿ ಸಂಸಾರ ಮುಗಿಸಿ, ತೊಗಟೆಯ ಸಂದಿಯಲ್ಲಿ ಮೊಟ್ಟೆಯಿಟ್ಟು, ತೀರಿಯೂ ಹೋಗಿತ್ತು. ಸುಮ್ನೆ ಯಾಕೆ ಬಿಸಾಡೋದು ಅಂತ ಪಕ್ಕದ ತೋಟದ ಅಣ್ಣ ಒಂದನ್ನು ಕೋಳಿಗೂಡಿಗೆ ತೂಗುಹಾಕಿದ್ದಾರೆ.

ಹಂಚಿದ ದಿನ ಸಭೆಯೂ ಇತ್ತು. ಫ್ಲೆಕ್ಸ್ ತುಂಬ ನಾಯಕರ ಮುಖ. ಹುಳದ ಫೋಟೊ ಕೆಳಗಿನ ಮೂಲೆಯಲ್ಲಿ, ಪ್ರೆಸ್‌ನವರ ಫೋನ್ ನಂಬರ್ ಪಕ್ಕ. ಅದೂ ಕಾಯಿಕೊರಕದ ಫೋಟೊ! 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಸಿಕ್ಕಿ, ಆಮೇಲೆ ಕೊಡಗಿಗೂ ಬಂದ ಸಾಸಿವೆಯಷ್ಟು ದುಂಬಿ ಅದು. ಕಾಯಿ ಬಿಟ್ಟು ಕಾಂಡದ ತಂಟೆಗೇ ಹೋಗುವುದಿಲ್ಲ. ಯಾರೂ ಕೇಳಲಿಲ್ಲ. ಊಟ ಚೆನ್ನಾಗಿತ್ತು.

ನಿಜವಾದ ತಮಾಷೆ ಪರಿಹಾರಕ್ಕೆ ಅರ್ಜಿ ಹಾಕಿದ ಮೇಲೆ. ಬೋರರ್ ಹೊಕ್ಕ ಗಿಡದ ಎಲೆ ಹಳದಿಯಾಗುತ್ತದೆ, ಕಾಂಡದ ಮೇಲೆ ಬಳೆ ಬಳೆಯಾಗಿ ಉಬ್ಬು ಕಾಣುತ್ತದೆ. ಒಳಗಿನ ಮರಿ ತಾನು ಕೊರೆದ ಪುಡಿಯನ್ನೇ ಹಿಂದೆ ಗಟ್ಟಿಯಾಗಿ ತುಂಬುತ್ತಾ ಮುಂದೆ ಸಾಗುತ್ತದೆ. ಹೊರಗಿನಿಂದ ಏನು ಹೊಡೆದರೂ ಅದರ ಮೈಗೆ ತಾಗದು. ಅದಕ್ಕೇ ಹಾರಾಟಕ್ಕೆ ಮೊದಲು, ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ, ಗಿಡ ಗಿಡ ನೋಡಿ ಟ್ರೇಸಿಂಗ್ ಮಾಡಬೇಕು. ಸಿಕ್ಕಿದ್ದನ್ನು ಕಿತ್ತು ತಕ್ಷಣ ಸುಡಬೇಕು. ಕಿತ್ತು ಬಿಸಾಡಿದ ಕಾಂಡದಿಂದಲೂ ದುಂಬಿ ಹೊರಬರುತ್ತದೆ.

“ಸುಡಬೇಡಿ ಸಾರ್,” ಅಂದರು ಕಚೇರಿಯವರು ಫೋನಿನಲ್ಲಿ. “ಸ್ಥಳ ಪರಿಶೀಲನೆ ಆಗ್ಬೇಕು. ಸಾಕ್ಷಿ ನಾಶ ಆಗುತ್ತೆ.”

“ಸಾಕ್ಷಿ ಹಾರಿಹೋಗುತ್ತಲ್ಲ ಸಾರ್?”

“ಬೇಗ ಬರ್ತೀವಿ. ಜೀಪಿನ ಡೀಸೆಲ್ ಬಿಲ್ ಪಾಸಾಗಿಲ್ಲ, ಅಷ್ಟೇ.”

ಜೂನಿನ ಮಳೆಯಲ್ಲಿ ಜೀಪು ಬಂತು. ಕಣದ ಮೂಲೆಯಲ್ಲಿ ರಾಶಿ ಹಾಕಿದ್ದ ಕಾಂಡಗಳಲ್ಲಿ ಬರೀ ತೂತು. ಕೊಡೆ ಹಿಡಿದುಕೊಂಡೇ ಬರೆದರು: “ಹುಳ ಕಂಡುಬಂದಿಲ್ಲ.”

200 ಲೀಟರ್ ನೀರಿಗೆ 20 ಕಿಲೋ ಸುಣ್ಣ ಕಲಸಿ ಕಾಂಡಕ್ಕೆ ಬಳಿದರೆ ಮೊಟ್ಟೆಯಿಡುವುದು ಕಡಿಮೆಯಾಗುತ್ತದೆ ಅಂತ ಸಭೆಯಲ್ಲೇ ಹೇಳಿದ್ದರು. ಬೆಣ್ಣೆ ಯಾರದೋ ಕಣ್ಣಿಗೆ ಹೋಗಲಿ, ನಮಗೆ ಸುಣ್ಣವಾದರೂ ಸಿಗುತ್ತದೆ ಅಂದುಕೊಂಡಿದ್ದೆವು. ಟೆಂಡರ್ ಆಗಿಲ್ಲವಂತೆ.

ಇಷ್ಟರ ಮೇಲೆ ನಮ್ಮದು ಜಮ್ಮಾ ಜಾಗ, ಅಂದರೆ ಕೊಡಗಿನಲ್ಲಿ ಇಡೀ ಕುಟುಂಬಕ್ಕೆ ತಲೆತಲಾಂತರದಿಂದ ಬಂದ ಜಮೀನು. ಪಹಣಿಯಲ್ಲಿ ಇನ್ನೂ ಮುತ್ತಜ್ಜನ ಹೆಸರು, ಹಿಂದೆ ಇಡೀ ಕುಟುಂಬದ ಬಾಲ. ಅರ್ಧ ಜನ ತೀರಿಕೊಂಡಿದ್ದಾರೆ, ಉಳಿದರ್ಧ ಬೆಂಗಳೂರಿನಲ್ಲಿದ್ದಾರೆ. ಎಲ್ಲರ ಒಪ್ಪಿಗೆ ಪತ್ರ ಬೇಕಂತೆ.

ಬೋರರ್‌ಗೆ ಈ ತಾಪತ್ರಯ ಇಲ್ಲ. ತಿಂಗಳುಗಟ್ಟಲೆ ಗಿಡದೊಳಗೇ ವಾಸ, ಫಸಲು ಉಣ್ಣುವುದೂ ಅದೇ. ಸಾಗುವಳಿದಾರರ ಕಾಲಂನಲ್ಲಿ ಅದರ ಹೆಸರು ಬರೆಯುವುದೇ ನ್ಯಾಯ ಅಲ್ವಾ? ಒಮ್ಮೆ ಬರೆದರೆ ಔಷಧಿಯೂ ಬೇಡ, ಟ್ರ್ಯಾಪೂ ಬೇಡ. ತಿದ್ದುಪಡಿಗೆ, ಸಹಿಗೆ, ಸರ್ವರ್ ಡೌನ್ ಅಂತ ನಾಳೆಗೆ ಅಲೆಯುತ್ತಾ ಕ್ಯೂನಲ್ಲೇ ಅದರ ಹಾರಾಟದ ಸೀಸನ್ ಮುಗಿದುಹೋಗುತ್ತದೆ.