ಪ್ಲಾಸ್ಟಿಕ್ಕಿನ ಆಹೇರ

ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಮುತ್ತ ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರಗಳನ್ನು ಅಚ್ಚು ಹಾಕಿಕೊಂಡು ಬಂದ ಅಂಗಡಿಗಳ ಬಾಗಿಲಲ್ಲಿ ಈಗೀಗ ‘ಇಲ್ಲಿ ಪಿವಿಸಿ ಕಾರ್ಡ್ ಮಾಡಿಕೊಡಲಾಗುವುದು’ ಎಂಬ ಇನ್ನೊಂದು ಫಲಕವೂ ತೂಗಾಡುತ್ತಿರುತ್ತದೆ. ಶಾಲೆ-ಕಾಲೇಜುಗಳ ಗುರುತಿನ ಚೀಟಿಯನ್ನೇ ನಂಬಿಕೊಂಡಿದ್ದ ಈ ಕಸುಬಿಗೆ ಬಟ್ಟೆ ಅಂಗಡಿ, ಬಂಗಾರದ ಅಂಗಡಿ, ಜಿಮ್ಮು, ಬ್ಯೂಟಿ ಪಾರ್ಲರುಗಳು ಹೊಸ ಗಿರಾಕಿಗಳಾಗಿ ಸೇರಿಕೊಂಡಿವೆ. ಅಜ್ಜನ ಕಾಲದಲ್ಲಿ ಗಿರಾಕಿಯ ಹೆಸರು ಅಂಗಡಿಯ ಉದ್ರಿ ಪುಸ್ತಕದಲ್ಲಿರುತ್ತಿತ್ತು. ಮೊಮ್ಮಗನ ಕಾಲಕ್ಕೆ ಅಂಗಡಿಯ ಹೆಸರು ಗಿರಾಕಿಯ ಪಾಕೀಟಿನಲ್ಲಿರಬೇಕು ಎಂಬ ಆಸೆ ಹುಟ್ಟಿದೆ. ಆಸೆಯೇನೋ ಸಹಜವೇ. ಆದರೆ ಪಿವಿಸಿಯ, ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ, ಉಡುಗೊರೆ ಕಾರ್ಡನ್ನೋ ಸದಸ್ಯತ್ವದ ಕಾರ್ಡನ್ನೋ ಮಾಡಿಸಲು ಹೋದ ಸಾವಕಾರನಿಗೆ ಅಲ್ಲಿ ಎದುರಾಗುವಷ್ಟು ಪ್ರಶ್ನೆಗಳು ಮಗಳ ಮದುವೆಯ ಸೀರೆ ಆರಿಸುವಾಗಲೂ ಎದುರಾಗಿರುವುದಿಲ್ಲ.

ಅವನಿಗೆ ಆಯ್ಕೆಯೇ ಇಲ್ಲದ ಒಂದು ಸಂಗತಿಯೆಂದರೆ ಅಳತೆ. 85.60 ಮಿಲಿಮೀಟರ್ ಉದ್ದ, 53.98 ಮಿಲಿಮೀಟರ್ ಅಗಲ, 0.76 ಮಿಲಿಮೀಟರ್ ದಪ್ಪ, ನಾಲ್ಕೂ ಮೂಲೆ ದುಂಡಗೆ: ಬ್ಯಾಂಕಿನ ಎಟಿಎಂ ಕಾರ್ಡಿಗೂ ಬಡಾವಣೆಯ ಜಿಮ್ಮಿನ ಕಾರ್ಡಿಗೂ ಇದೇ ಅಂತರರಾಷ್ಟ್ರೀಯ ಮಾನಕ. ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿಯು 1959ರಲ್ಲಿ ಕಾಗದದ ಕಾರ್ಡನ್ನು ಬಿಟ್ಟು ಪ್ಲಾಸ್ಟಿಕ್ಕಿಗೆ ಬಂದ ಮೇಲೆ ಜಗತ್ತಿನ ಪಾಕೀಟುಗಳೆಲ್ಲ ನಿಧಾನವಾಗಿ ಈ ಅಳತೆಗೆ ಹೊಲಿಸಿಕೊಂಡವು. ಹೃದಯದ ಆಕಾರದಲ್ಲೋ ಕಮಲದ ಆಕಾರದಲ್ಲೋ ಕಾರ್ಡ್ ಕತ್ತರಿಸಿಕೊಡುವವರೂ ಇದ್ದಾರೆ. ಅಂಥ ಕಾರ್ಡು ಎರಡೇ ದಿನದಲ್ಲಿ ಪಾಕೀಟಿನಿಂದ ಕಪಾಟಿಗೆ ಹೋಗಿ ಅಲ್ಲಿಯೇ ಉಳಿದುಬಿಡುತ್ತದೆ.

ಉಳಿದ ಪ್ರಶ್ನೆಗಳಿಗೆ ಉತ್ತರ ಹುಡುಕುವ ಮೊದಲು ಕಾರ್ಡಿನ ಆಯುಷ್ಯ ಎಷ್ಟೆಂದು ಕೇಳಿಕೊಳ್ಳುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಉಡುಗೊರೆಯ ಕಾರ್ಡು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿ, ಒಂದು ಸೀರೆಯನ್ನೋ ಒಂದು ಜೊತೆ ಬೂಟನ್ನೋ ತಂದುಕೊಟ್ಟು ಮುಗಿದುಹೋಗುವ ಜೀವ. ಅದಕ್ಕೆ ಮುಖದ ಚೆಲುವೇ ಮುಖ್ಯ. ಸದಸ್ಯತ್ವದ ಕಾರ್ಡು ಬೆವರಿನ ಕೈಯಲ್ಲಿ, ಜೇಬಿನ ಚಿಲ್ಲರೆಯ ಜೊತೆಯಲ್ಲಿ, ಬೀಗದ ಕೈ ಗೊಂಚಲಿನ ತಿಕ್ಕಾಟದಲ್ಲಿ ವರ್ಷಗಟ್ಟಲೆ ಬಾಳಬೇಕು. ಇಷ್ಟಾದರೂ ಹೆಚ್ಚಿನವರು ಎರಡನ್ನೂ ಒಂದೇ ಯಂತ್ರದಲ್ಲಿ, ಒಂದೇ ದರಕ್ಕೆ, ಒಂದೇ ಮಾದರಿಯಲ್ಲಿ ಮಾಡಿಸಿ, ವರ್ಷ ತುಂಬುವುದರೊಳಗೆ ಸದಸ್ಯನ ಮುಖ ಮಾಸಿತೆಂದು ಅಚ್ಚಿನವನನ್ನು ಬಯ್ಯುತ್ತಾರೆ.

ಊರಿನಲ್ಲಿ ಅಗ್ಗಕ್ಕೆ ಸಿಗುವುದು ಇಂಕ್‌ಜೆಟ್ ಕಾರ್ಡು. ಫೋಟೋ ಮುದ್ರಿಸುವ ಸಾದಾ ಪ್ರಿಂಟರಿಗೆ ಒಂದು ಟ್ರೇ ತೊಡಿಸಿ, ಶಾಯಿ ಹೀರುವ ಲೇಪವಿರುವ ಬಿಳಿ ಕಾರ್ಡುಗಳನ್ನು ಅದರಲ್ಲಿಟ್ಟು ತಳ್ಳಿದರೆ ನಿಮಿಷಗಳಲ್ಲಿ ಬಣ್ಣ ಹತ್ತಿಕೊಂಡು ಬರುತ್ತದೆ. ಒಂದೇ ಕಾರ್ಡು ಬೇಕೆಂದರೂ ಬೇಸರಿಸದೆ ಮಾಡಿಕೊಡುವ ಪದ್ಧತಿ ಇದು. ಮೇಲೊಂದು ರಕ್ಷಣೆಯ ಪದರವಿಲ್ಲದಿದ್ದರೆ ಮಾತ್ರ ನೀರಿಗೂ ಉಗುರಿಗೂ ಅಂಜುತ್ತದೆ. ಅದಕ್ಕಾಗಿಯೇ ಕೆಲವರು ಹಾಳೆಯ ಮೇಲೆ ಮುದ್ರಿಸಿ, ನಡುವೆ ದಪ್ಪ ಪಿವಿಸಿ ಹಾಳೆ, ಎರಡೂ ಕಡೆ ಪಾರದರ್ಶಕ ಹಾಳೆ ಇಟ್ಟು, ಫ್ಯೂಸಿಂಗ್ ಯಂತ್ರದಲ್ಲಿ ಕಾಯಿಸಿ ಒತ್ತಿ, ಆಮೇಲೆ ಒಂದೊಂದಾಗಿ ಕತ್ತರಿಸುತ್ತಾರೆ. ಎರಡನೆಯ ದಾರಿ ರಿಬ್ಬನ್ನಿನದು. ಹಳದಿ, ಕೆನ್ನೇರಳೆ, ನೀಲಿ ಬಣ್ಣಗಳ ತುಣುಕುಗಳಿರುವ ರಿಬ್ಬನ್ನನ್ನು ಪ್ರಿಂಟರಿನ ಕಾದ ಹೆಡ್ಡು ಸವರಿದಾಗ ಬಣ್ಣ ಕಾರ್ಡಿನ ಮೈಯೊಳಗೇ ಇಳಿಯುತ್ತದೆ. ಅಕ್ಷರಗಳಿಗೆ ಬೇರೆಯೇ ಕಪ್ಪು, ಕೊನೆಯಲ್ಲಿ ಒಂದು ತೆಳು ಹೊದಿಕೆ. ಈ ಯಂತ್ರದ ಶತ್ರು ಧೂಳು. ನಮ್ಮೂರಿನ ಬೇಸಿಗೆ ಗಾಳಿಯಲ್ಲಿ ಅದಕ್ಕೇನೂ ಬರವಿಲ್ಲವಾದ್ದರಿಂದ, ಒಂದು ಕಣ ಕಾರ್ಡಿನ ಮೇಲೆ ಕುಳಿತರೂ ಸದಸ್ಯನ ಕೆನ್ನೆಯ ಮೇಲೊಂದು ಬಿಳಿ ಚುಕ್ಕೆ ಮೂಡಿಬಿಡುತ್ತದೆ. ಮೂರನೆಯದು ಆಫ್‌ಸೆಟ್: ದೊಡ್ಡ ಪಿವಿಸಿ ಹಾಳೆಗಳ ಮೇಲೆ ಅಚ್ಚು ಹಾಕಿ, ಪದರಗಳನ್ನು ಶಾಖ ಮತ್ತು ಒತ್ತಡದಲ್ಲಿ ಬೆಸೆದು, ಒತ್ತಡದಲ್ಲಿಯೇ ತಣಿಸಿ, ಡೈ ಎಂಬ ಕತ್ತರಿಸುವ ಅಚ್ಚಿನಿಂದ ಹೊಡೆದು ತೆಗೆಯುವ ಕಾರ್ಖಾನೆಯ ಕೆಲಸ. ನೂರು ಕಾರ್ಡಿಗೂ ಐದು ಸಾವಿರ ಕಾರ್ಡಿಗೂ ಪ್ಲೇಟಿನ ಖರ್ಚು ಅಷ್ಟೇ ಆಗುವುದರಿಂದ ಸಣ್ಣ ಆರ್ಡರಿಗೆ ಇದು ದುಬಾರಿ, ದೊಡ್ಡ ಆರ್ಡರಿಗೆ ಇದೇ ಅಗ್ಗ. ನಮ್ಮ ಕಡೆಯ ದೊಡ್ಡ ಆರ್ಡರುಗಳು ಹೈದರಾಬಾದಿಗೋ ಬೆಂಗಳೂರಿಗೋ ಹೋಗಿ ಪಾರ್ಸಲ್ಲಿನಲ್ಲಿ ಮರಳಿ ಬರುತ್ತವೆ.

ಇಂಥ ಒಂದು ಅಂಗಡಿಯಲ್ಲಿ ಕೇಳಿದ ಮಾತು ನೆನಪಾಗುತ್ತದೆ. ಬಂಗಾರದ ವ್ಯಾಪಾರದ ಹಿರಿಯರೊಬ್ಬರು ಬಿದರಿ ಹೂಜಿಯ ಫೋಟೋ ತಂದಿದ್ದರು. ‘ಕಪ್ಪಿನ ಮ್ಯಾಲ ಬೆಳ್ಳಿ ಹ್ಯಾಂಗ ಹೊಳೀತದ, ನಮ್ಮ ಕಾರ್ಡೂ ಹಂಗೇ ಹೊಳೀಬೇಕು ನೋಡ್ರಿ’ ಎಂದರು. ಅಚ್ಚಿನ ಹುಡುಗ ಫೋಟೋವನ್ನು ಹಿಂದೆ ಮುಂದೆ ಮಾಡಿ ನೋಡಿ, ‘ಈ ಮಷಿನ್‌ದಾಗ ಬೆಳ್ಳಿ ಇಲ್ರಿ ಸಾವಕಾರ್ರ, ಬೂದಿ ಬರ್ತದ’ ಎಂದ. ಅವನ ಮಾತಿನಲ್ಲಿ ಇಡೀ ಮುದ್ರಣಶಾಸ್ತ್ರವಿತ್ತು. ಬೀದರಿನ ಕುಶಲಕರ್ಮಿಯು ಸತು-ತಾಮ್ರದ ಮಿಶ್ರಲೋಹದಲ್ಲಿ ಗೆರೆ ಕೊರೆದು, ನಿಜವಾದ ಬೆಳ್ಳಿಯನ್ನೇ ಅದರಲ್ಲಿ ಕೂರಿಸಿ, ಕೋಟೆಯ ಮಣ್ಣಿನ ಕಷಾಯದಲ್ಲಿ ಲೋಹವನ್ನು ಕಪ್ಪಾಗಿಸುತ್ತಾನೆ. ಬೆಳ್ಳಿ ಮಾತ್ರ ಬೆಳ್ಳಿಯಾಗಿಯೇ ಉಳಿಯುತ್ತದೆ. ನಾಲ್ಕೇ ಬಣ್ಣ ಬಲ್ಲ ಪ್ರಿಂಟರು ಕಂಪ್ಯೂಟರಿನ ಪರದೆಯ ಮೇಲಿನ ಬೆಳ್ಳಿಯನ್ನು ಬೂದುಬಣ್ಣವೆಂದೇ ತಿಳಿಯುತ್ತದೆ. ಹೊಳಪು ಬೇಕೆಂದರೆ ಬೆಳ್ಳಿ ಶಾಯಿಯಲ್ಲಿ ಸ್ಕ್ರೀನ್ ಪ್ರಿಂಟ್ ಮಾಡಿಸಬೇಕು, ಅಥವಾ ಬಿಸಿ ಅಚ್ಚಿನಿಂದ ಬೆಳ್ಳಿ ಫಾಯಿಲ್ ಒತ್ತಿಸಬೇಕು, ಇಲ್ಲವೇ ಬೆಳ್ಳಿ ಮೈಯ ಪಿವಿಸಿಯನ್ನೇ ತರಿಸಿ ಅದರ ಮೇಲೆ ಕಪ್ಪು ಹೊಡೆಸಬೇಕು. ಹೊಳಪಿಲ್ಲದ ಮ್ಯಾಟ್ ಕಪ್ಪಿನ ಮೇಲೆ ಸಣ್ಣ ಫಾಯಿಲ್ ಹೂವೊಂದು ಮೂಡಿದರೆ ಬಿದರಿಯ ದೂರದ ಸಂಬಂಧಿಯಂತೆ ಕಾಣುವುದುಂಟು. ಮುಖದ ತುಂಬ ಫಾಯಿಲ್ ಬಳಿದ ಕಾರ್ಡುಗಳನ್ನು ಮಾತ್ರ ನಾನು ಒಪ್ಪಲಾರೆ. ಅವು ಮಿಠಾಯಿ ಡಬ್ಬಿಯ ಮುಚ್ಚಳವನ್ನು ಕತ್ತರಿಸಿ ಮಾಡಿದ ಹಾಗಿರುತ್ತವೆ.

ಹೆಸರಿನ ವಿಚಾರಕ್ಕೆ ಬಂದರೆ ಕಷ್ಟ ಇನ್ನೂ ಸೂಕ್ಷ್ಮ. ಬ್ಯಾಂಕ್ ಕಾರ್ಡುಗಳಲ್ಲಿ ಕಾಣುತ್ತಿದ್ದ ಉಬ್ಬಕ್ಷರಗಳನ್ನು ಬಯಸುವವರಿಗೆ, ಆ ಯಂತ್ರದ ಚಕ್ರದಲ್ಲಿ ಸಾಮಾನ್ಯವಾಗಿ ಇಂಗ್ಲಿಷಿನ ದೊಡ್ಡಕ್ಷರ ಮತ್ತು ಅಂಕಿಗಳಷ್ಟೇ ಇರುತ್ತವೆ ಎಂಬುದು ಅಲ್ಲಿಗೆ ಹೋದ ಮೇಲೆಯೇ ತಿಳಿಯುವುದು. ಕನ್ನಡದಲ್ಲಿ ಹೆಸರು ಬೇಕೆಂದರೆ ಸಪಾಟಾಗಿಯೇ ಮುದ್ರಿಸಬೇಕು. ಅಲ್ಲಿಯೂ ಹೆಸರುಗಳ ಪಟ್ಟಿಯನ್ನು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಕೊಟ್ಟು, ಅಚ್ಚಿನವನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ, ಮಲ್ಲಿಕಾರ್ಜುನ ಎಂಬ ಹೆಸರು ಯಾವುದೋ ಯುರೋಪಿನ ಭಾಷೆಯ ವೇಷ ತೊಟ್ಟು ನಿಲ್ಲುತ್ತದೆ. ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಯೂನಿಕೋಡ್ ಅಕ್ಷರಸಂಕೇತದಲ್ಲಿ ಕೊಟ್ಟರೆ ಈ ಪೀಡೆಯಿಲ್ಲ. ಒತ್ತಕ್ಷರಗಳಿಗೆ ಅಕ್ಷರದ ಗಾತ್ರ ಸ್ವಲ್ಪ ದೊಡ್ಡದೇ ಇರಬೇಕು. ಮೂರು ಬಣ್ಣ ಬೆರೆಸಿ ಮಾಡಿದ ಕಪ್ಪಿನಲ್ಲಿ ಅವುಗಳ ಅಂಚು ಮಸುಕಾಗುತ್ತದೆಯಾದ್ದರಿಂದ ರಿಬ್ಬನ್ನಿನ ಅಚ್ಚಗಪ್ಪು ತುಣುಕಿನಲ್ಲಿಯೇ ಹೊಡೆಸಬೇಕು. ಬಾರ್‌ಕೋಡಿಗೂ ಇದೇ ಮಾತು ಅನ್ವಯಿಸುತ್ತದೆ. ಬಣ್ಣ ಬೆರೆತ ಕಪ್ಪು ನಮ್ಮ ಕಣ್ಣಿಗೆ ಕಪ್ಪಾಗಿ ಕಂಡರೂ ಅವಕೆಂಪು (ಇನ್ಫ್ರಾರೆಡ್) ಬೆಳಕಿನ ಓದುಗ ಯಂತ್ರಕ್ಕೆ ಕಾಣದೆಯೇ ಹೋಗಬಹುದು.

ಕಾರ್ಡಿನ ನಿಜವಾದ ದುಡಿಮೆ ನಡೆಯುವುದು ಅದರ ಬೆನ್ನಿನಲ್ಲಿ. ಅಲ್ಲಿ ಕಪ್ಪು ಕಾಂತಪಟ್ಟಿಯಿದ್ದರೆ ಅದು ಯಾವ ಜಾತಿಯದೆಂದು ಕೇಳಬೇಕು. ಪಟ್ಟಿಯಲ್ಲಿ ಬರೆದದ್ದನ್ನು ಅಳಿಸಲು ಎಷ್ಟು ಕಾಂತಬಲ ಬೇಕೆಂಬುದನ್ನು ಓರ್ಸ್ಟೆಡ್ ಎಂಬ ಮಾನದಲ್ಲಿ ಅಳೆಯುತ್ತಾರೆ. 300 ಓರ್ಸ್ಟೆಡ್‌ನ ಅಗ್ಗದ ಪಟ್ಟಿಯ ನೆನಪು ಪರ್ಸಿನ ಆಯಸ್ಕಾಂತದ ಗುಂಡಿಗೇ ಅಳಿದುಹೋಗಬಲ್ಲದು. 2750 ಓರ್ಸ್ಟೆಡ್‌ನದು ಅಷ್ಟು ಸುಲಭಕ್ಕೆ ಮರೆಯುವುದಿಲ್ಲ. ಒಂದೇ ಅಂಗಡಿಯ ಬಳಕೆಗೆ ಪಟ್ಟಿಯೂ ಬೇಡ, ಎಲೆಕ್ಟ್ರಾನಿಕ್ ಚಿಪ್ಪೂ ಬೇಡ, ಬಾರ್‌ಕೋಡೇ ಸಾಕು ಎಂಬುದು ನನ್ನ ಲೆಕ್ಕಾಚಾರ. ಅದರ ಕೆಳಗಿನ ಸಂಖ್ಯೆಯ ಬಗ್ಗೆ ಮಾತ್ರ ಜಿಪುಣತನ ಕೂಡದು. 1, 2, 3 ಎಂದು ಸಾಲಾಗಿ ಸಂಖ್ಯೆ ಕೊಟ್ಟ ಉಡುಗೊರೆ ಕಾರ್ಡುಗಳಲ್ಲಿ ಒಂದು ಕೈಗೆ ಸಿಕ್ಕರೆ ಮುಂದಿನದನ್ನು ಊಹಿಸಲು ಬುದ್ಧಿವಂತಿಕೆಯೇ ಬೇಕಿಲ್ಲ. ಸಂಖ್ಯೆಗಳು ಚೆಲ್ಲಾಪಿಲ್ಲಿಯಾಗಿರಬೇಕು, ಗುಪ್ತ ಸಂಖ್ಯೆಯಾದ ಪಿನ್ನಿನ ಮೇಲೆ ಕೆರೆದು ತೆಗೆಯುವ ಬೆಳ್ಳಿ ಪಟ್ಟಿ ಇರಬೇಕು, ಕೊನೆಯ ಅಂಕಿ ಉಳಿದವುಗಳ ಕಾವಲುಗಾರನಾಗಿರಬೇಕು. ಐಬಿಎಂನ ಹಾನ್ಸ್ ಪೀಟರ್ ಲುನ್ ಅವರಿಗೆ 1960ರಲ್ಲಿ ಪೇಟೆಂಟ್ ದೊರೆತ ಉಪಾಯದಿಂದ, ಅಂದರೆ ಉಳಿದ ಅಂಕಿಗಳನ್ನು ಒಂದು ಕ್ರಮದಲ್ಲಿ ಕೂಡಿಸಿ ಕೊನೆಯ ಅಂಕಿಯನ್ನು ಗೊತ್ತುಮಾಡುವುದರಿಂದ, ಗಲ್ಲೆಯ ಮೇಲೆ ಕುಳಿತವರು ಒಂದು ಅಂಕಿಯನ್ನು ತಪ್ಪಾಗಿ ಒತ್ತಿದರೂ ಯಂತ್ರ ತಕ್ಷಣ ತಲೆ ಅಲ್ಲಾಡಿಸುತ್ತದೆ.

ಕಲಬುರಗಿಯವರು ಕೇಳಲೇಬೇಕಾದ ಪ್ರಶ್ನೆ ಬಿಸಿಲಿನದು. ಪಿವಿಸಿ ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗುವ ವಸ್ತು. ಮೇ ತಿಂಗಳಲ್ಲಿ ಹೊರಗೇ 42, 43 ಡಿಗ್ರಿ ಇರುವಾಗ ಗಾಜು ಏರಿಸಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಎಷ್ಟು ಕಾಯುತ್ತದೆಂದು ಕೈಯಿಟ್ಟವರಿಗೆ ಗೊತ್ತು. ಅಲ್ಲಿ ಮರೆತ ಕಾರ್ಡು ಬಿಲ್ಲಿನಂತೆ ಬಾಗಿ ಕುಳಿತಿರುತ್ತದೆ. ಪಿವಿಸಿಯ ಜೊತೆ ಪಾಲಿಯೆಸ್ಟರ್ ಪದರ ಬೆರೆಸಿದ ಕಾರ್ಡು ಹೆಚ್ಚು ತಾಳಿಕೊಳ್ಳುತ್ತದೆ, ಬೆಲೆಯೂ ಹೆಚ್ಚು. ಸದಸ್ಯತ್ವದ ಕಾರ್ಡಿಗೆ ಆ ಹೆಚ್ಚಿನ ಹಣ ಕೊಡುವುದೇ ಸರಿ.

ಇನ್ನು ಉಡುಗೊರೆಯ ಮೊತ್ತ. ನಮ್ಮ ಮದುವೆಗಳಲ್ಲಿ ಆಹೇರ, ಅಂದರೆ ಮುಯ್ಯಿ, ಬರೆದುಕೊಳ್ಳುವ ಪುಸ್ತಕದಲ್ಲಿ 501, 1001 ಎಂದಿರುತ್ತದೆಯೇ ಹೊರತು ಬರಿಯ 500, 1000 ಕಾಣುವುದು ಅಪರೂಪ. ಅಂಗಡಿಯ ಕಾರ್ಡುಗಳ ಮೇಲೆ ಮಾತ್ರ ಸೊನ್ನೆಗೇ ಮುಗಿಯುವ ಮೊತ್ತ. ಪಾಪ, ಕೊಡುವವರು ಕಾರ್ಡಿನ ಲಕೋಟೆಗೆ ಮತ್ತೆ ಒಂದು ರೂಪಾಯಿ ನಾಣ್ಯ ಅಂಟಿಸಬೇಕಾಗುತ್ತದೆ. ಒಂದೊಂದು ಕಾರ್ಡಿಗೆ ಒಂದೊಂದು ಸಂಖ್ಯೆ ಹೊಡೆಯುವ ಯಂತ್ರಕ್ಕೆ 501 ಎಂದು ಹೊಡೆಯುವುದು ಭಾರವೇನಲ್ಲ. ಯಾವ ಸಾವಕಾರರೂ ಕೇಳಿಲ್ಲ, ಅಷ್ಟೇ. ತನ್ನದೇ ಅಂಗಡಿಯಲ್ಲಿ ಮಾತ್ರ ನಡೆಯುವ ಇಂಥ ಕಾರ್ಡಿಗೆ ರಿಸರ್ವ್ ಬ್ಯಾಂಕಿನ ಅನುಮತಿಯೂ ಬೇಕಿಲ್ಲ, ಅದನ್ನು ತೋರಿಸಿ ನಗದು ಪಡೆಯುವಂತೆಯೂ ಇಲ್ಲ. ಬ್ಯಾಂಕುಗಳೂ ಪರವಾನಗಿ ಪಡೆದ ಕಂಪನಿಗಳೂ ಹೊರಡಿಸುವ, ಹಲವು ಅಂಗಡಿಗಳಲ್ಲಿ ನಡೆಯುವ ಉಡುಗೊರೆ ಕಾರ್ಡಿಗೆ 10,000 ರೂಪಾಯಿಯ ಮಿತಿಯಿದೆ.

ಅಚ್ಚಿಗೆ ಹೋಗುವ ಮುನ್ನ ಪ್ರೂಫಿನ ಮೇಲೆ ಸಾವಕಾರರ ಸಹಿ ಬೀಳುತ್ತದೆ. ಲೋಗೊವನ್ನು ವಾಟ್ಸ್ಯಾಪಿನಲ್ಲಿ ಕಳಿಸಿದ್ದರೆ ಅದು ಅಲ್ಲಿ ಹಿಂಡಿಹೋಗಿ ಅಂಚುಗಳು ಮೆಟ್ಟಿಲು ಮೆಟ್ಟಿಲಾಗಿರುತ್ತವೆ. ಕೋರಲ್ ಡ್ರಾ ಎಂಬ ವಿನ್ಯಾಸ ತಂತ್ರಾಂಶದ ಮೂಲ ಫೈಲನ್ನೇ ಕೊಡಬೇಕು. ಕತ್ತರಿಸುವಾಗ ಅಂಚಿನಲ್ಲಿ ಬಿಳಿಗೆರೆ ಉಳಿಯದಂತೆ ಹಿನ್ನೆಲೆಯ ಬಣ್ಣ ಸುತ್ತಲೂ 3 ಮಿಲಿಮೀಟರ್ ಹೊರಗೆ ಚಾಚಿದೆಯೇ ಎಂದು ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ‘ಡಿಸೆಂಬರ್ 31ರವರೆಗೆ ಮಾತ್ರ’ ಎಂಬಂಥ ದಿನಾಂಕವನ್ನು ಅಚ್ಚಿನಲ್ಲಿ ಹಾಕಿಸದೆ, ‘ಮಾರಿದ ದಿನದಿಂದ ಒಂದು ವರ್ಷ’ ಎಂದು ಬರೆಸಿ, ಆ ದಿನವನ್ನು ತುಂಬಲು ಬೆನ್ನಿನ ಮೇಲೆ ಪೆನ್ನಿನ ಶಾಯಿ ಹಿಡಿಯುವ ಬಿಳಿ ಪಟ್ಟಿಯನ್ನು ಬಿಡಿಸಬೇಕು. ಹಾಗೆ ಬಿಡಿಸಿಕೊಂಡವರ ಮಿಕ್ಕ ಕಾರ್ಡುಗಳು ಜನವರಿಯ ಮದುವೆಗಳಿಗೂ ನಡೆಯುತ್ತವೆ.