ಖಿನ್ನತೆಯ ಗುಳಿಗೆ ಬಿಡುವ ಮುಂಚೆ ಇದನ್ನೊಮ್ಮೆ ಓದಿ

ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆ ಖಿನ್ನತೆಯವರು ಡಾಕ್ಟರ ಹತ್ತಿರ ಹೇಳುವುದು ಹೆಚ್ಚಾಗಿ ತಲೆಭಾರ, ಸುಸ್ತು, ನಾಲ್ಕು ಗಂಟೆಗೇ ಎಚ್ಚರವಾಗುತ್ತದೆ ಅಂತ. ಸ್ಕ್ಯಾನಿಂಗ್ ನಾರ್ಮಲ್ ಬಂದರೆ ಜೋಯಿಸರಲ್ಲಿ ಪ್ರಶ್ನೆ ಇಡಿಸುತ್ತಾರೆ. ಇಡಿಸಲಿ, ನನ್ನ ತಕರಾರಿಲ್ಲ. ಆದರೆ ಮನಸ್ಸು ಕುಗ್ಗಿ, ಯಾವುದೂ ಬೇಡವಾಗಿ, ನಿದ್ದೆ, ಹಸಿವು ಕೆಟ್ಟು ಎರಡು ವಾರವಾದರೆ ಡಾಕ್ಟರಿಗೆ ತೋರಿಸುವುದನ್ನು ಮುಂದೂಡಬೇಡಿ. ಥೈರಾಯ್ಡ್, ಹಿಮೋಗ್ಲೋಬಿನ್ ಕೂಡ ನೋಡಿಸಿ. ಅವು ಏರುಪೇರಾದರೂ ಇದೇ ಲಕ್ಷಣ ಬರುತ್ತದೆ.

ಜನ ಗುಳಿಗೆ ಬಿಟ್ಟು ಚಿಕಿತ್ಸೆ ಕೈಕೊಡುವುದು ಹೆಚ್ಚಾಗಿ ಮೊದಮೊದಲ ದಿನಗಳಲ್ಲಿ. ಎಸಿಟಲೊಪ್ರಾಂ, ಸರ್ಟ್ರಲೀನ್‌ನಂಥ ಖಿನ್ನತೆಯ ಗುಳಿಗೆಗಳಲ್ಲಿ ವಾಕರಿಕೆ, ತಲೆನೋವು, ಚಡಪಡಿಕೆ ಮೊದಲು ಬರುತ್ತವೆ. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಪೂರ್ತಿ ತಿಳಿಯಲು ಆರರಿಂದ ಎಂಟು ವಾರ ಬೇಕು. ಮೊದಲಿನ ಈ ತೊಂದರೆ ಕಡಿಮೆಯಾಗಲೆಂದೇ ಎಷ್ಟೋ ಡಾಕ್ಟರರು ಎಸಿಟಲೊಪ್ರಾಂ 5 ಮಿ.ಗ್ರಾಂನಲ್ಲಿ ಶುರುಮಾಡಿ 10ಕ್ಕೆ ಏರಿಸುತ್ತಾರೆ. ಊಟವಾದ ಮೇಲೆ ತೆಗೆದುಕೊಂಡರೆ ವಾಕರಿಕೆ ಕಡಿಮೆ. 25 ವರ್ಷದೊಳಗಿನವರನ್ನು ಈ ದಿನಗಳಲ್ಲಿ ಗಮನಿಸುತ್ತಿರಿ. ಸಾಯುವ ಯೋಚನೆ ಹೆಚ್ಚಿದರೆ ಅಂದೇ ಡಾಕ್ಟರಿಗೆ ತಿಳಿಸಿ.

ನನಗೆ ತುಂಬಾ ಸಂಕಟವಾಗುವ ವಿಷಯ ಇನ್ನೊಂದು. ನಿದ್ದೆಗೆಂದು ಕೆಲವು ದಿನಕ್ಕೆ ಕೊಟ್ಟ ಕ್ಲೋನಜೆಪಾಂ ಅದೇ ರಾತ್ರಿ ಕೆಲಸ ಮಾಡುತ್ತದಲ್ಲ, ಜನ ಮುಖ್ಯ ಗುಳಿಗೆ ಬಿಟ್ಟು, ಹಳೇ ಚೀಟಿ ತೋರಿಸಿ ಅದನ್ನೇ ತರಿಸಿಕೊಳ್ಳುತ್ತಾರೆ. ಅಭ್ಯಾಸವಾಗಿಬಿಡುವುದು ಅದೇ. ಗಲ್ಫಿಗೆ ಹೋಗುವವರೂ ಗಮನಿಸಿ: ಯುಎಇಯಲ್ಲಿ ಅದು ನಿಯಂತ್ರಿತ ಔಷಧ, ಮುಂಚಿತವಾಗಿ ಅನುಮತಿ ಪಡೆಯದೆ ಬ್ಯಾಗಿನಲ್ಲಿ ಒಯ್ಯಬೇಡಿ.

ಮೂರನೇ ತಿಂಗಳಿಗೆ ಹುಷಾರಾಯಿತೆಂದು ಮುಖ್ಯ ಗುಳಿಗೆ ನಿಲ್ಲಿಸುವವರೂ ಬಹಳ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಬೇಕು, ಮೊದಲೂ ಬಂದಿದ್ದರೆ ಇನ್ನೂ ಹೆಚ್ಚು. ಥಟ್ಟನೆ ಬಿಟ್ಟರೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂತೆ ಆಗುವುದು, ಸಿಡಿಮಿಡಿ ಬರುತ್ತದೆ. ಚಟ ಹಿಡಿದದ್ದಕ್ಕೆ ಹೀಗಾಗುವುದಲ್ಲ, ಮೆದುಳಿಗೆ ಹೊಂದಿಕೊಳ್ಳಲು ಸಮಯ ಸಿಗದ್ದಕ್ಕೆ. ಡಾಕ್ಟರನ್ನು ಕೇಳಿ ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸಬೇಕು.

ಡಾಕ್ಟರ ಮಲಯಾಳ ಅರ್ಥವಾಗದಿದ್ದರೆ ಅಳಿಯನನ್ನೋ ಸೊಸೆಯನ್ನೋ ಕರೆದೊಯ್ಯುತ್ತೇವೆ. ಅವರೆದುರು ಸಾಯುವ ಮಾತು ಬಾಯಿಗೆ ಬರುವುದಿಲ್ಲ. ಎಲ್ಲವನ್ನೂ ಚೀಟಿಯಲ್ಲಿ ಬರೆದೊಯ್ಯಿರಿ, ಕೊನೆಗೆ ಐದು ನಿಮಿಷ ಒಬ್ಬರೇ ಮಾತಾಡಲು ಅವಕಾಶ ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗೂ ಪುಕ್ಕಟೆಯಾಗಿ ಫೋನ್ ಮಾಡಬಹುದು, ಕನ್ನಡವೂ ಇದೆ. ಕೇರಳದ ಆರೋಗ್ಯ ಸಹಾಯವಾಣಿ ದಿಶಾ 1056.

ಮನೆಯಲ್ಲಿ ಯಾರಾದರೂ ಸಾಯುವ ಮಾತಾಡಿದರೆ ಒಬ್ಬರೇ ಬಿಡಬೇಡಿ. ತೋಟಕ್ಕೆ ಹೊಡೆಯುವ ಔಷಧದ ಬಾಟ್ಲಿಗಳನ್ನು ಇವತ್ತೇ ಬೇರೆಯವರ ಮನೆಗೆ ಸಾಗಿಸಿ, ಗುಳಿಗೆಗಳ ಸ್ಟ್ರಿಪ್‌ಗಳು ನಿಮ್ಮ ಕೈಯಲ್ಲೇ ಇರಲಿ.